ಜೀವಿಗಳು ಉಣ್ಣುವ ಪರಿ

ಶ್ರೀಗಂಧದ ಸಸಿ ತರಲು ನರ್ಸರಿಗೆ ಹೋದವರ ಕಣ್ಣಿಗೆ ಒಂದು ಸಂಗತಿ ಬಿದ್ದೇ ಇರುತ್ತದೆ. ಕಪ್ಪು ಪ್ಲಾಸ್ಟಿಕ್ ಚೀಲದೊಳಗೆ ಗಂಧದ ಸಸಿಯ ಮಗ್ಗುಲಲ್ಲೇ ಒಂದು ತೊಗರಿ ಗಿಡ ಬೆಳೆದಿರುತ್ತದೆ. ಕಳೆಯೆಂದು ತಿಳಿದು ಅದನ್ನು ಕಿತ್ತೆಸೆದರೆ ಗಂಧದ ಸಸಿ ಕ್ರಮೇಣ ಸೊರಗುತ್ತದೆ. ಎಷ್ಟು ನೀರು, ಗೊಬ್ಬರ ಕೊಟ್ಟರೂ ಚೇತರಿಸಿಕೊಳ್ಳುವುದು ಕಷ್ಟ. ತೊಗರಿಯನ್ನು ಅಲ್ಲಿ ಬಿತ್ತಿದ್ದು ಗಂಧದ ಊಟಕ್ಕೆಂದೇ.

ಶಾಲೆಯಲ್ಲಿ ನಾವೆಲ್ಲ ಎರಡು ಪದ ಕಲಿತಿದ್ದೇವೆ. ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳುವುದು ಸ್ವಪೋಷಕ, ಬೇರೆಯವರನ್ನು ತಿಂದು ಬದುಕುವುದು ಪರಪೋಷಕ. ಗಿಡಗಳು ಮೊದಲ ಸಾಲಿಗೆ, ಪ್ರಾಣಿ ಮತ್ತು ಶಿಲೀಂಧ್ರಗಳು ಎರಡನೆಯ ಸಾಲಿಗೆ. ಈ ವಿಂಗಡಣೆ ತಪ್ಪೇನಲ್ಲ. ಆದರೆ ಹೊಲಕ್ಕೋ ಕಾಡಿಗೋ ಕಡಲಿಗೋ ಹೋಗಿ ನೋಡಿದರೆ ಸಾಲುಗಳು ಕಲೆಸಿಹೋಗುತ್ತವೆ. ಹಸುರೆಲೆಯ ಗಂಧ ನೆಲದಡಿಯಲ್ಲಿ ನೆರೆಯವರಿಂದ ಹೀರುತ್ತದೆ. ಹುಲ್ಲು ಮೇಯುವ ಹಸುವಿಗೆ ಹುಲ್ಲಿನ ನಾರನ್ನು ಅರಗಿಸುವ ಶಕ್ತಿ ಸ್ವಂತದ್ದಲ್ಲ. ಗೆದ್ದಲು ಬೇಸಾಯ ಮಾಡುತ್ತದೆ. ಹತ್ತಿರದಿಂದ ನೋಡಿದಷ್ಟೂ ನನಗೆ ಮನವರಿಕೆಯಾಗುವುದು ಒಂದೇ: ಉಣ್ಣುವ ಕೆಲಸವನ್ನು ಪೂರ್ತಿ ಒಂಟಿಯಾಗಿ ಮಾಡುವ ಜೀವಿಗಳು ಬಲು ವಿರಳ.

ಗಾಳಿ ಉಂಡು ಮರವಾಗುವುದು

ಮರ ಮಣ್ಣನ್ನು ತಿಂದು ಬೆಳೆಯುತ್ತದೆ ಎಂದೇ ಜನ ಬಹುಕಾಲ ನಂಬಿದ್ದರು. ಫ್ಲಾಂಡರ್ಸ್‌ನ ವೈದ್ಯ ಯಾನ್ ಬಾಪ್ಟಿಸ್ಟ್ ಫಾನ್ ಹೆಲ್ಮಾಂಟ್ ಇದನ್ನು ತೂಕ ಹಾಕಿ ನೋಡಿದ. ಒಣಗಿಸಿದ ಮಣ್ಣನ್ನು ಸುಮಾರು 90 ಕಿಲೋ ತೂಗಿ ಕುಂಡಕ್ಕೆ ತುಂಬಿ, ಎರಡು ಕಿಲೋಗಿಂತ ಸ್ವಲ್ಪ ಹೆಚ್ಚಿದ್ದ ವಿಲ್ಲೋ ಸಸಿ ನೆಟ್ಟು, ಐದು ವರ್ಷ ಬರೀ ನೀರೆರೆದ. ಮರದ ತೂಕ 76 ಕಿಲೋ ದಾಟಿತ್ತು. ಮಣ್ಣಿನಲ್ಲಿ ಕಡಿಮೆಯಾದದ್ದು 60 ಗ್ರಾಮಿಗಿಂತಲೂ ಕಡಿಮೆ. ಅವನ ಬರಹ ಹೊರಬಂದದ್ದು ಅವನು ಸತ್ತ ಮೇಲೆ, 1648ರಲ್ಲಿ. ಮರವೆಲ್ಲ ನೀರಿನಿಂದಲೇ ಆಯಿತು ಎಂಬ ಅವನ ತೀರ್ಮಾನ ಅರ್ಧ ಸತ್ಯ. ಉಳಿದರ್ಧ ಗಾಳಿಯಲ್ಲಿತ್ತು. ಹಸುರು ಭಾಗಗಳು ಬಿಸಿಲಿನಲ್ಲಿ ಮಾತ್ರ ಗಾಳಿಯನ್ನು ಶುದ್ಧ ಮಾಡುತ್ತವೆ ಎಂದು ಯಾನ್ ಇಂಗೆನ್‌ಹೌಸ್ 1779ರಲ್ಲಿ ತೋರಿಸಿಕೊಟ್ಟ ಮೇಲೆ ದಾರಿ ತೆರೆಯಿತು.

ಎಲೆಯ ಸಣ್ಣ ರಂಧ್ರಗಳಿಂದ ಇಂಗಾಲದ ಡೈಆಕ್ಸೈಡ್ ಒಳಬರುತ್ತದೆ, ಬೇರಿನಿಂದ ನೀರು ಮೇಲೇರುತ್ತದೆ. ಪತ್ರಹರಿತ್ತು ಹಿಡಿದಿಟ್ಟ ಬೆಳಕಿನ ಬಲದಿಂದ ಇವೆರಡೂ ಸೇರಿ ಸಕ್ಕರೆಯಾಗುತ್ತವೆ, ಆಮ್ಲಜನಕ ಹೊರಬೀಳುತ್ತದೆ. ಇದೇ ದ್ಯುತಿಸಂಶ್ಲೇಷಣೆ. ಒಣಗಿದ ಸೌದೆಯ ತೂಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಇಂಗಾಲ. ಅದೆಲ್ಲ ಒಂದು ಕಾಲಕ್ಕೆ ಗಾಳಿಯಲ್ಲಿ ತೇಲುತ್ತಿದ್ದದ್ದು.

ಈ ಅಡುಗೆಯಲ್ಲೂ ಕೈಗುಣದ ವ್ಯತ್ಯಾಸವಿದೆ. ಇಂಗಾಲವನ್ನು ಹಿಡಿಯುವ ಮುಖ್ಯ ಕಿಣ್ವ ಬಿಸಿಲೇರಿದಾಗ ತಪ್ಪಿ ಆಮ್ಲಜನಕವನ್ನೂ ಹಿಡಿಯುತ್ತದೆ. ಆಗ ಗಿಡದ ದುಡಿಮೆಯಲ್ಲಿ ಒಂದು ಪಾಲು ಪೋಲಾಗುತ್ತದೆ. ಭತ್ತ, ಗೋಧಿ ಈ ನಷ್ಟ ಹೊರುವ ಬೆಳೆಗಳು. ರಾಗಿ, ಜೋಳ, ಮೆಕ್ಕೆಜೋಳ, ಕಬ್ಬು ಮಾತ್ರ ಇಂಗಾಲವನ್ನು ಮೊದಲು ನಾಲ್ಕು ಇಂಗಾಲದ ಆಮ್ಲವಾಗಿ ಕೂಡಿಟ್ಟು, ಎಲೆಯ ನರಗಳ ಸುತ್ತಲಿನ ಕೋಶಗಳಿಗೆ ಒಯ್ದು, ಅಲ್ಲಿ ಒತ್ತೊತ್ತಾಗಿ ಬಿಡುತ್ತವೆ. ಕಿಣ್ವಕ್ಕೆ ತಪ್ಪಲು ಎಡೆಯೇ ಇಲ್ಲ. ಎಲೆಯ ರಂಧ್ರಗಳನ್ನು ಹೆಚ್ಚು ತೆರೆಯಬೇಕಿಲ್ಲವಾದ್ದರಿಂದ ನೀರೂ ಉಳಿಯುತ್ತದೆ. ಕೋಲಾರ, ತುಮಕೂರಿನ ಒಣ ಹೊಲಗಳಲ್ಲಿ ರಾಗಿ ಬದುಕಿ ತೋರಿಸುವ ಗಟ್ಟಿತನಕ್ಕೆ ಇದೊಂದು ದೊಡ್ಡ ಕಾರಣ.

ಬಿಸಿಲು ತಲುಪದ ಅಡುಗೆಮನೆ

1977ರಲ್ಲಿ ಆಲ್ವಿನ್ ಎಂಬ ಪುಟ್ಟ ಜಲಾಂತರ್ಗಾಮಿ ಪೆಸಿಫಿಕ್ ಸಾಗರದಲ್ಲಿ, ಗಲಪಾಗಸ್ ದ್ವೀಪಗಳ ಬಳಿ ಸುಮಾರು 2,500 ಮೀಟರ್ ಆಳಕ್ಕಿಳಿಯಿತು. ಹೋದವರು ಭೂವಿಜ್ಞಾನಿಗಳು, ಹುಡುಕುತ್ತಿದ್ದದ್ದು ಕಡಲ ತಳದ ಬಿಸಿನೀರಿನ ಬುಗ್ಗೆ. ಕಂಡದ್ದು ಕತ್ತಲಲ್ಲಿ ಕಿಕ್ಕಿರಿದ ಜೀವಸಂತೆ. ಅಲ್ಲಿನ ಕೊಳವೆ ಹುಳುಗಳಲ್ಲಿ ಕೆಲವು ಎರಡು ಮೀಟರ್ ಉದ್ದಕ್ಕೂ ಬೆಳೆಯುತ್ತವೆ. ಬೆಳೆದ ಹುಳುವಿಗೆ ಬಾಯಿಯೂ ಇಲ್ಲ, ಕರುಳೂ ಇಲ್ಲ. ಮೈಯೊಳಗೆ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ತುಂಬಿಕೊಂಡಿದೆ. ಬುಗ್ಗೆಯಿಂದ ಬರುವ ಹೈಡ್ರೋಜನ್ ಸಲ್ಫೈಡ್ ಅನ್ನು, ಅಂದರೆ ಕೊಳೆತ ಮೊಟ್ಟೆಯ ವಾಸನೆಯ ಆ ವಿಷಾನಿಲವನ್ನು, ಹುಳು ತನ್ನ ಕೆಂಪು ಗರಿಯಿಂದ ಹೀರಿ ಬ್ಯಾಕ್ಟೀರಿಯಾಕ್ಕೆ ತಲುಪಿಸುತ್ತದೆ. ಅದನ್ನು ಆಮ್ಲಜನಕದೊಂದಿಗೆ ಬೆರೆಸಿ ಬರುವ ಶಕ್ತಿಯಿಂದ ಬ್ಯಾಕ್ಟೀರಿಯಾ ಆಹಾರ ಕಟ್ಟುತ್ತದೆ, ಹುಳು ಅದರಿಂದ ಬದುಕುತ್ತದೆ.

ಬಿಸಿಲಿನ ಹಂಗಿಲ್ಲದ ಬದುಕು ಎಂದು ಇದನ್ನು ಕೊಂಡಾಡುವವರಿದ್ದಾರೆ. ಪೂರ್ತಿ ಹಾಗಲ್ಲ. ಆ ಹುಳು ಬಳಸುವ ಆಮ್ಲಜನಕ ಮೇಲಿನ ಲೋಕದ ಹಸುರು ಜೀವಿಗಳು ಬಿಸಿಲಿನಲ್ಲಿ ಬಿಡಿಸಿಕೊಟ್ಟದ್ದು.

ಬೇರಿನ ನೆಂಟರು

ಸಕ್ಕರೆ ಒಂದರಿಂದಲೇ ಗಿಡ ಬದುಕಲಾರದು. ಪ್ರೋಟೀನಿಗೆ ಸಾರಜನಕ ಬೇಕು. ಗಾಳಿಯಲ್ಲಿ ಅದು ನೂರಕ್ಕೆ 78 ಭಾಗ ಇದ್ದರೂ ಎರಡೆರಡು ಪರಮಾಣುಗಳು ಬಿಗಿಯಾಗಿ ಅಪ್ಪಿಕೊಂಡಿರುವುದರಿಂದ ಗಿಡಕ್ಕೆ ದಕ್ಕುವುದಿಲ್ಲ. ಆ ಅಪ್ಪುಗೆ ಬಿಡಿಸಬಲ್ಲವು ಕೆಲವು ಬ್ಯಾಕ್ಟೀರಿಯಾಗಳು ಮಾತ್ರ. ಅವರೆ, ಅಲಸಂದೆ, ತೊಗರಿ, ಕಡಲೆಯ ಗಿಡವನ್ನು ಮಣ್ಣು ಸಹಿತ ಮೆಲ್ಲಗೆ ಎತ್ತಿ ನೋಡಿ. ಬೇರಿನ ಮೇಲೆ ಗುಂಡಗಿನ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಒಡೆದರೆ ಒಳಗೆ ನಸುಗೆಂಪು. ನಮ್ಮ ರಕ್ತದ ಕೆಂಪಿಗೆ ಕಾರಣವಾದ ಹಿಮೋಗ್ಲೋಬಿನ್ನಿನ ಸೋದರ ಪ್ರೋಟೀನೇ ಅಲ್ಲಿನ ಬಣ್ಣ. ಬ್ಯಾಕ್ಟೀರಿಯಾದ ಕಿಣ್ವ ಆಮ್ಲಜನಕ ಹೆಚ್ಚಾದರೆ ಕೆಡುತ್ತದೆ, ಹಾಗಾಗಿ ಗಿಡ ಈ ಪ್ರೋಟೀನಿನಿಂದ ಅದನ್ನು ಹದವಾಗಿ ಅಳೆದು ಕೊಡುತ್ತದೆ. ಗಿಡದ ಕಡೆಯಿಂದ ಸಕ್ಕರೆ, ಬ್ಯಾಕ್ಟೀರಿಯಾದ ಕಡೆಯಿಂದ ಸಾರಜನಕ.

ರಾಗಿ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳನ್ನು ಸಾಲಾಗಿ ಬಿತ್ತುವ ಅಕ್ಕಡಿ ಪದ್ಧತಿಯನ್ನು ನಮ್ಮ ರೈತರು ಈ ರಸಾಯನಶಾಸ್ತ್ರ ಓದಿ ಕಲಿತದ್ದಲ್ಲ. ಉದುರಿದ ಎಲೆ, ನೆಲದಲ್ಲುಳಿದ ಬೇರು ಕೊಳೆತಾಗ ಮಣ್ಣು ಬಲಗೊಳ್ಳುವುದನ್ನು ಅವರು ತಲೆಮಾರುಗಳಿಂದ ಕಂಡಿದ್ದರು.

ಇನ್ನೊಂದು ನೆಂಟಸ್ತಿಕೆ ಕಣ್ಣಿಗೆ ಬೀಳುವುದೇ ಇಲ್ಲ. ನೆಲದ ಗಿಡಗಳಲ್ಲಿ ಬಹುಪಾಲಿನವುಗಳ ಬೇರಿಗೆ ಶಿಲೀಂಧ್ರದ ಎಳೆಗಳು ಹೆಣೆದುಕೊಂಡಿವೆ. ಈ ಜೋಡಿಗೆ ಮೈಕೊರೈಜಾ ಎಂಬ ಹೆಸರಿಟ್ಟದ್ದು ಜರ್ಮನಿಯ ಎ.ಬಿ. ಫ್ರಾಂಕ್, 1885ರಲ್ಲಿ. ಬೇರಿನ ರೋಮ ನುಸುಳಲಾರದ ಸಂದಿಗೂ ಈ ಎಳೆ ನುಸುಳಿ ರಂಜಕ, ಸತು ತಂದುಕೊಡುತ್ತದೆ. ಗಿಡ ತಾನು ಮಾಡಿದ ಸಕ್ಕರೆಯಲ್ಲಿ ಅದಕ್ಕೆ ಪಾಲು ಕೊಡುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ.ಜೆ. ಬಾಗ್ಯರಾಜ್ ಮತ್ತು ಅವರ ಸಂಗಡಿಗರು ಈ ವಿಷಯದಲ್ಲಿ ದಶಕಗಳ ಕಾಲ ದುಡಿದಿದ್ದಾರೆ.

ಶ್ರೀಗಂಧ, ಬಂದಳಿಕೆ, ಬೇರಿಲ್ಲದ ಬಳ್ಳಿ

ಈಗ ಗಂಧಕ್ಕೆ ಮರಳೋಣ. ಟಿಪ್ಪು ಸುಲ್ತಾನ್ ಇದನ್ನು ರಾಜವೃಕ್ಷವೆಂದು ಘೋಷಿಸಿದ್ದ. ಅಂಥ ಮರ ಪರಾವಲಂಬಿ ಎಂಬುದು ವಿಜ್ಞಾನದ ದಾಖಲೆಗೆ ಸೇರಿದ್ದು 1871ರಲ್ಲಿ, ಜಾನ್ ಸ್ಕಾಟ್ ಎಂಬ ಸಸ್ಯಶಾಸ್ತ್ರಜ್ಞನ ಮೂಲಕ. ಬೀಜ ಮೊಳೆತ ಮೊದಲ ಕೆಲವು ತಿಂಗಳು ಗಂಧ ತನ್ನ ಕಾಲ ಮೇಲೆ ನಿಲ್ಲುತ್ತದೆ. ಆಮೇಲೆ ಅದರ ಬೇರು ಪಕ್ಕದ ಗಿಡದ ಬೇರನ್ನು ತಡಕಿ, ತಾಗಿದಲ್ಲಿ ಬಟ್ಟಲಿನಾಕಾರದ ಹೀರುಗಂಟೊಂದನ್ನು ಊರುತ್ತದೆ. ಅದರ ನಡುವಿನಿಂದ ಒಂದು ಬೆಣೆ ಹೊರಟು ಆಸರೆ ಗಿಡದ ನೀರುನಾಳದವರೆಗೆ ಕೊರೆದುಕೊಂಡು ಹೋಗುತ್ತದೆ. ನೀರು, ಸಾರಜನಕ, ಖನಿಜಗಳು ಆ ದಾರಿಯಲ್ಲಿ ಹರಿದುಬರುತ್ತವೆ. ಎಲೆ ಹಸುರಿರುವುದರಿಂದ ಸಕ್ಕರೆಯನ್ನು ತಾನೇ ಮಾಡಿಕೊಳ್ಳಬಲ್ಲದು. ಇಂಥವನ್ನು ಅರೆಪರಾವಲಂಬಿ ಎನ್ನುತ್ತಾರೆ.

ಗಂಧಕ್ಕೆ ಆಸರೆಯಾಗಬಲ್ಲ ಗಿಡಗಳ ಪಟ್ಟಿ 300 ಜಾತಿಗಳನ್ನು ದಾಟಿದೆ. ಹುಲ್ಲಿನಿಂದ ಹಿಡಿದು ಹೊಂಗೆ, ಸರ್ವೆ, ಜಾಲಿಯವರೆಗೆ ಎಲ್ಲವೂ ಅದರಲ್ಲಿವೆ. ಆದರೆ ಎಲ್ಲ ಆಸರೆಯೂ ಒಂದೇ ಅಲ್ಲ. ಬೇರುಗಂಟಿನಲ್ಲಿ ಸಾರಜನಕ ಕೂಡಿಡುವ ಗಿಡಗಳ ಜೊತೆ ಗಂಧ ಹುಲುಸಾಗಿ ಬರುತ್ತದೆ. ಲೆಕ್ಕ ಹಾಕಿ ನೋಡಿ: ಗಾಳಿಯ ಸಾರಜನಕವನ್ನು ಬ್ಯಾಕ್ಟೀರಿಯಾ ಬಿಡಿಸುತ್ತದೆ, ಅದು ತೊಗರಿಗೆ ಹೋಗುತ್ತದೆ, ತೊಗರಿಯಿಂದ ಗಂಧಕ್ಕೆ. ಕರ್ನಾಟಕದಲ್ಲಿ 2001ರ ಕಾನೂನು ತಿದ್ದುಪಡಿಯ ಬಳಿಕ ಜಮೀನಿನ ಗಂಧಕ್ಕೆ ಜಮೀನಿನವರೇ ಒಡೆಯರು. ಎಷ್ಟೋ ಜನ ಹುಮ್ಮಸ್ಸಿನಿಂದ ನೆಟ್ಟರು. ಬರೀ ಗಂಧವನ್ನೇ ಸಾಲಾಗಿ ನೆಟ್ಟು, ತೊಗರಿಯ ಆಯುಷ್ಯ ಮುಗಿದ ಮೇಲೆ ಬೇರೆ ಮರದ ಆಸರೆ ಕೊಡದಿದ್ದರೆ ಆ ತೋಟ ಏಳುವುದಿಲ್ಲ.

ಬಂದಳಿಕೆಯದು ಮರದ ಮೇಲಿನ ವಾಸ. ಮಾವಿನ ಕೊಂಬೆಯಲ್ಲಿ ಬೇರೆಯದೇ ಬಗೆಯ ಎಲೆ, ಕಿತ್ತಳೆ ಬಣ್ಣದ ಕೊಳವೆ ಹೂ ಕಂಡರೆ ಅದೇ. ಅದರ ಹಣ್ಣನ್ನು ಹೆಬ್ಬೆರಳಷ್ಟಿರುವ ಬದನಿಕೆ ಹಕ್ಕಿ ನುಂಗುತ್ತದೆ. ಬೀಜಕ್ಕೆ ಅಂಟು ಎಷ್ಟೆಂದರೆ ಹಿಕ್ಕೆ ಹಾಕುವಾಗ ಹಕ್ಕಿ ತನ್ನ ಹಿಂಬದಿಯನ್ನು ಕೊಂಬೆಗೆ ಒರೆಸಿಯೇ ಅದನ್ನು ಬಿಡಿಸಿಕೊಳ್ಳಬೇಕು. ಬೀಜ ಬಿತ್ತನೆಯಾಗುವುದು ಹೀಗೆ. ಮಾವಿನ ತೋಟದವರಿಗೆ ಬಂದಳಿಕೆ ಶತ್ರು. ಬದನಿಕೆ ಹಕ್ಕಿಗೋ ಅದೇ ಅನ್ನದ ಬಟ್ಟಲು.

ಇವೆರಡಕ್ಕೂ ಹಸುರೆಲೆಯಾದರೂ ಉಂಟು. ಬೇಲಿಯ ಮೇಲೆ ಹಳದಿ ಶಾವಿಗೆ ಚೆಲ್ಲಿದಂತೆ ಹಬ್ಬುವ ಕಸ್ಕ್ಯೂಟಾ ಬಳ್ಳಿಗೆ ನಿಜವಾದ ಎಲೆಯಿಲ್ಲ, ಬೆಳೆದ ಮೇಲೆ ಬೇರೂ ಇಲ್ಲ. ಮೊಳಕೆಯೊಡೆದ ಕೆಲವೇ ದಿನಗಳಲ್ಲಿ ಆಸರೆ ಸಿಗದಿದ್ದರೆ ಸಾವು. ಅಮೆರಿಕದ ಸಂಶೋಧಕರು 2006ರಲ್ಲಿ ಇದರ ಮೊಳಕೆ ಟೊಮೆಟೊ ಗಿಡದ ವಾಸನೆಯನ್ನು ಹಿಡಿದು ಅದರತ್ತ ಬಾಗುವುದನ್ನು ತೋರಿಸಿದರು. ಮೂಗಿಲ್ಲದ ಬಳ್ಳಿ ವಾಸನೆಯ ಜಾಡು ಹಿಡಿದು ಊಟಕ್ಕೆ ಹೋಗುತ್ತದೆ!

ಮುರಕಲ್ಲಿನ ಮೇಲೊಂದು ಬೇಟೆ

ಮಳೆಗಾಲದಲ್ಲಿ ಕರಾವಳಿಯ ಮುರಕಲ್ಲು ಬಯಲುಗಳಿಗೆ ಹೋದವರು ಒಮ್ಮೆ ಮಂಡಿಯೂರಿ ಕೂತು ನೋಡಬೇಕು. ಕಲ್ಲಿನ ಮೇಲೆ ಅಂಗುಲದಷ್ಟೂ ಮಣ್ಣಿಲ್ಲ. ಇರುವ ಸಾರವನ್ನೂ ಮಳೆ ತೊಳೆದೊಯ್ಯುತ್ತದೆ. ಅಲ್ಲಿ ಕಾಸಿನಗಲದ ಕೆಂಪು ಗಿಡವೊಂದು ಎಲೆಯ ತುಂಬ ಇಬ್ಬನಿ ಹೊತ್ತು ಕೂತಿರುತ್ತದೆ. ಬಿಸಿಲೇರಿದರೂ ಆ ಹನಿ ಆರುವುದಿಲ್ಲ, ಏಕೆಂದರೆ ಅದು ಅಂಟು. ಡ್ರೊಸೆರಾ ಎಂದು ಇದರ ಹೆಸರು. ಕೂತ ನೊಣ ಒದ್ದಾಡಿದಷ್ಟೂ ಸುತ್ತಲಿನ ರೋಮಗಳು ಅದರ ಮೇಲೆ ಬಾಗುತ್ತವೆ. ಕಿಣ್ವ ಸುರಿದು ಹುಳುವಿನ ಮೃದು ಭಾಗವನ್ನು ಕರಗಿಸಿ ಸಾರಜನಕ, ರಂಜಕವನ್ನು ಎಲೆ ಹೀರುತ್ತದೆ.

ಚಾರ್ಲ್ಸ್ ಡಾರ್ವಿನ್ ಈ ಗಿಡದ ಬೆನ್ನು ಹತ್ತಿದ್ದು 1860ರಲ್ಲಿ. ಮಾಂಸದ ತುಣುಕು, ಮೊಟ್ಟೆಯ ಬಿಳಿ, ಹಾಲು ಎಲ್ಲವನ್ನೂ ಎಲೆಗೆ ಉಣಿಸಿ ನೋಡಿ, ಹದಿನೈದು ವರ್ಷಗಳ ಬಳಿಕ 1875ರಲ್ಲಿ ಕೀಟಭಕ್ಷಕ ಸಸ್ಯಗಳ ಮೇಲೊಂದು ಇಡೀ ಪುಸ್ತಕ ಹೊರತಂದರು. ಗಮನಿಸಬೇಕಾದದ್ದು, ಈ ಬೇಟೆ ಹೊಟ್ಟೆಪಾಡಿಗಲ್ಲ. ಸಕ್ಕರೆಯನ್ನು ಡ್ರೊಸೆರಾ ಬಿಸಿಲಿನಿಂದಲೇ ಮಾಡಿಕೊಳ್ಳುತ್ತದೆ. ಹುಳು ಅದಕ್ಕೆ ಗೊಬ್ಬರ.

ಅದೇ ಬಯಲಿನ ನೀರುಗುಂಡಿಗಳ ಬದಿಯಲ್ಲಿ ನೀಲಿ ಹೂಗಳ ಹಾಸು ಹಾಸುವ ಯುಟ್ರಿಕ್ಯುಲೇರಿಯಾಕ್ಕೂ ಇದೇ ಬಡತನ. ಅದರ ಬಲೆಗಳು ಒದ್ದೆ ಮಣ್ಣಿನಲ್ಲಿ, ನೀರಿನಲ್ಲಿ ಅಡಗಿರುವ ಪುಟ್ಟ ಚೀಲಗಳು. ಒಳಗಿನ ನೀರನ್ನು ಹೊರಹಾಕಿ ಬಿಗಿಯಾಗಿ ಕಾಯುವ ಚೀಲದ ಬಾಗಿಲ ರೋಮವನ್ನು ಸೂಕ್ಷ್ಮಜೀವಿ ಮುಟ್ಟಿದರೆ ಸಾಕು, ಸೆಕೆಂಡಿನ ಸಾವಿರದಲ್ಲೊಂದು ಭಾಗದೊಳಗೆ ಚೀಲ ಅದನ್ನು ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ. ಇಷ್ಟು ಚುರುಕಾಗಿ ಚಲಿಸುವ ಗಿಡಗಳು ಲೋಕದಲ್ಲಿ ಬೆರಳೆಣಿಕೆ. ಮುರಕಲ್ಲು ಬಯಲನ್ನು ಬರಡು ಭೂಮಿಯೆಂದು ಕಾಗದದಲ್ಲಿ ಬರೆದು ಕ್ವಾರಿಗೆ ಬಿಟ್ಟುಕೊಡುವುದು ಈ ಕಾರಣಕ್ಕೇ ದೊಡ್ಡ ತಪ್ಪು.

ಹಸುವಿನ ಹೊಟ್ಟೆಯ ಕೊಪ್ಪರಿಗೆ

ಹುಲ್ಲಿನ ನಾರಿನಲ್ಲಿ ದೊಡ್ಡ ಪಾಲು ಸೆಲ್ಯುಲೋಸ್. ಅದನ್ನು ಒಡೆಯುವ ಕಿಣ್ವವನ್ನು ಹಸುವಾಗಲಿ ಕಾಡೆಮ್ಮೆಯಾಗಲಿ ತಾನಾಗಿ ತಯಾರಿಸಲಾರದು. ಹಸುವಿನ ನಾಲ್ಕು ಕೋಣೆಯ ಜಠರದಲ್ಲಿ ಮೊದಲನೆಯದು, ರೂಮೆನ್, ನೂರು ಲೀಟರಿಗೂ ಮಿಗಿಲಾದ ಕೊಪ್ಪರಿಗೆ. ಗಾಳಿಯಾಡದ ಆ ಬೆಚ್ಚನೆಯ ಜಾಗದಲ್ಲಿ ಬ್ಯಾಕ್ಟೀರಿಯಾ, ಪ್ರೋಟೋಜೋವಾ, ಶಿಲೀಂಧ್ರಗಳು ಹುಲ್ಲನ್ನು ಹುಳಿಹಿಡಿಸುತ್ತವೆ. ಅವು ಬಿಟ್ಟುಕೊಡುವ ಸಣ್ಣ ಕೊಬ್ಬಿನಾಮ್ಲಗಳೇ ಹಸುವಿನ ಮುಖ್ಯ ಇಂಧನ. ಮಧ್ಯಾಹ್ನ ನೆರಳಲ್ಲಿ ಮಲಗಿ ಮೆಲುಕು ಹಾಕುವಾಗ ಅದು ನುಂಗಿದ್ದನ್ನು ಮತ್ತೆ ಬಾಯಿಗೆ ತಂದು ಅರೆಯುತ್ತದೆ. ದಿನಕ್ಕೆ ನೂರು ಲೀಟರ್ ಆಸುಪಾಸಿನ ಜೊಲ್ಲು ಸುರಿದು ಕೊಪ್ಪರಿಗೆಯ ಹುಳಿಯನ್ನು ಹದದಲ್ಲಿಡುತ್ತದೆ. ಕೊನೆಗೆ ಆ ಸೂಕ್ಷ್ಮಜೀವಿಗಳೇ ನಾಲ್ಕನೆಯ ಕೋಣೆಗೆ ಹರಿದುಹೋಗಿ ಜೀರ್ಣವಾಗುತ್ತವೆ, ಹಸುವಿಗೆ ಬೇಕಾದ ಪ್ರೋಟೀನಿನ ದೊಡ್ಡ ಪಾಲು ಅಲ್ಲಿಂದಲೇ. ಹಸು ತಿನ್ನುವುದು ಹುಲ್ಲು, ಹಸುವಿಗೆ ಮೈಗೂಡುವುದು ಹುಲ್ಲು ತಿಂದ ಸೂಕ್ಷ್ಮಜೀವಿ.

ಆನೆಗೆ ಈ ಕೊಪ್ಪರಿಗೆ ಕರುಳಿನ ಕೊನೆಯಲ್ಲಿದೆ. ಹಾಗಾಗಿ ತಿಂದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಅರಗದೇ ಹೊರಬೀಳುತ್ತದೆ. ನಾಗರಹೊಳೆಯ ಹಾದಿಯಲ್ಲಿ ಆನೆಲದ್ದಿ ಕೆದಕಿದರೆ ನಾರು, ಬೀಜ ಹಾಗೇ ಕಾಣುತ್ತವೆ. ಮರಿಯಾನೆ ತಾಯಿಯ ಲದ್ದಿ ತಿನ್ನುವುದನ್ನು ಕಂಡು ಅಸಹ್ಯಪಡಬೇಕಿಲ್ಲ. ಹುಲ್ಲು ಅರಗಿಸುವ ಸೂಕ್ಷ್ಮಜೀವಿಗಳು ಅದಕ್ಕೆ ಬಳುವಳಿಯಾಗಿ ಬರುವುದು ಹಾಗೆ.

ಹಿಡಿದು, ಸೋಸಿ, ಹೀರಿ

ಬೇಟೆಯ ವಿಷಯ ಎಲ್ಲರಿಗೂ ಗೊತ್ತಿರುವುದರಿಂದ ಒಂದೇ ಲೆಕ್ಕ ಹೇಳುತ್ತೇನೆ. ನಾಗರಹೊಳೆಯಲ್ಲಿ ಹುಲಿಗಳ ಅಧ್ಯಯನ ನಡೆಸಿದ ಉಲ್ಲಾಸ ಕಾರಂತರ ಅಂದಾಜಿನಂತೆ ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿಗಳು ಬೇಕು. ಅಷ್ಟು ಒದಗಬೇಕಾದರೆ ಕಾಡಿನಲ್ಲಿ ಸುಮಾರು 500 ಜಿಂಕೆ, ಕಡವೆ, ಕಾಡೆಮ್ಮೆಗಳು ಮೇಯುತ್ತಿರಬೇಕು. ಉಂಡ ಶಕ್ತಿಯಲ್ಲಿ ಹತ್ತನೇ ಒಂದು ಪಾಲು ಮಾತ್ರ, ಸ್ಥೂಲವಾಗಿ ಹೇಳುವುದಾದರೆ, ಮುಂದಿನ ಮೆಟ್ಟಿಲಿಗೆ ಏರುತ್ತದೆ. ಹುಲಿಗಳ ಸಂಖ್ಯೆ ಯಾವ ಕಾಡಲ್ಲೂ ಕಡಿಮೆಯಿರುವುದು ಅದಕ್ಕೆ.

ಕಡಲಲ್ಲಿ ಸೋಸಿ ಉಣ್ಣುವವರದೇ ದರ್ಬಾರು. ಮುಂಗಾರಿನಲ್ಲಿ ನಮ್ಮ ಕರಾವಳಿಯ ತಳದ ತಣ್ಣೀರು ಮೇಲೇಳುತ್ತದೆ. ಅದರೊಂದಿಗೆ ಬಂದ ಲವಣಗಳನ್ನುಂಡು ಡಯಾಟಮ್‌ಗಳೆಂಬ ಸೂಕ್ಷ್ಮ ಪಾಚಿ ಉಕ್ಕುತ್ತದೆ. ಭೂತಾಯಿ ಮೀನು ಬಾಯಿ ತೆರೆದು ಈಜುತ್ತ ಕಿವಿರಿನ ಬಾಚಣಿಗೆಯಂಥ ಜರಡಿಯಲ್ಲಿ ಅದನ್ನು ಸೋಸಿಕೊಳ್ಳುತ್ತದೆ. ಅಳಿವೆಯ ಮರಳಿನಲ್ಲಿ ಹುದುಗಿರುವ ಮರುವಾಯಿಯೂ ನೀರನ್ನು ಒಳಗೆಳೆದು ಸೋಸಿಯೇ ಬದುಕುತ್ತದೆ.

ಹೀರುವವರಲ್ಲಿ ಮಲೆನಾಡಿನ ಇಂಬಳಕ್ಕೆ ಮೊದಲ ಮಣೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತುವಿದೆ, ಅದಕ್ಕೇ ಇಂಬಳ ಬಿದ್ದುಹೋದ ಮೇಲೂ ಗಾಯ ಒಸರುತ್ತಿರುತ್ತದೆ. ಒಮ್ಮೆ ಹೊಟ್ಟೆ ತುಂಬಿದರೆ ತಿಂಗಳುಗಟ್ಟಲೆ ಸಾಕು. ಸೊಳ್ಳೆಗಳಲ್ಲಿ ಕಚ್ಚುವುದು ಹೆಣ್ಣು ಮಾತ್ರ, ಅದೂ ಮೊಟ್ಟೆಗೆ ಬೇಕಾದ ಪ್ರೋಟೀನಿಗಾಗಿ. ಗಂಡಿಗೆ ಹೂವಿನ ರಸವೇ ಸಾಕು. ಲಾಡಿಹುಳುವಂತೂ ನಮ್ಮ ಕರುಳಲ್ಲಿ ಜೀರ್ಣವಾದ ಅನ್ನದ ನಡುವೆಯೇ ಮಲಗಿರುವುದರಿಂದ ಬಾಯಿ, ಕರುಳು ಎರಡನ್ನೂ ಕಳೆದುಕೊಂಡಿದೆ. ಮೈಚರ್ಮವೇ ಅದಕ್ಕೆ ಬಾಯಿ.

ಹೊಟ್ಟೆಯಿಲ್ಲದೆ ಅರಗಿಸುವ ಅಣಬೆ

ನಾವು ನುಂಗಿ ಆಮೇಲೆ ಅರಗಿಸುತ್ತೇವೆ. ಶಿಲೀಂಧ್ರ ಮೊದಲು ಅರಗಿಸಿ ಆಮೇಲೆ ಹೀರುತ್ತದೆ. ಅದರ ನೂಲಿನಂಥ ಎಳೆಗಳು ಸತ್ತ ಮರದೊಳಗೆ ಹಬ್ಬಿ ಕಿಣ್ವ ಬಿಡುತ್ತವೆ, ಕರಗಿದ್ದನ್ನು ಒಳಗೆಳೆದುಕೊಳ್ಳುತ್ತವೆ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಅನ್ನು ಚೆನ್ನಾಗಿ ಒಡೆಯಬಲ್ಲವರಲ್ಲಿ ಕೆಲವು ಶಿಲೀಂಧ್ರಗಳೇ ಮುಂದು. ಅವಿಲ್ಲದಿದ್ದರೆ ಬಿದ್ದ ಮರಗಳು ಕಾಡಿನಲ್ಲಿ ರಾಶಿ ಬೀಳುತ್ತಿದ್ದವು, ಅವುಗಳೊಳಗಿನ ಸಾರ ಮಣ್ಣಿಗೆ ಮರಳುವುದು ತೀರ ನಿಧಾನವಾಗುತ್ತಿತ್ತು.

ಅಡುಗೆಮನೆಯ ಮಸಾಲೆ ಡಬ್ಬಿಯಲ್ಲಿರುವ ಕಲ್ಲುಹೂವನ್ನು ಕೈಗೆತ್ತಿಕೊಳ್ಳಿ. ಅದು ಹೂವಲ್ಲ, ಒಂದು ಜೀವಿಯೂ ಅಲ್ಲ. ಮನೆ ಕಟ್ಟುವುದು ಶಿಲೀಂಧ್ರ, ಅದರೊಳಗೆ ಕೂತು ಅಡುಗೆ ಮಾಡುವುದು ಪಾಚಿ. ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡೆನರ್ 1860ರ ದಶಕದಲ್ಲಿ ಇದನ್ನು ಹೇಳಿದಾಗ ಕಲ್ಲುಹೂವುಗಳ ಪಂಡಿತರೇ ಒಪ್ಪಲಿಲ್ಲ.

ಹುತ್ತದೊಳಗಿನ ಬೇಸಾಯ

ಮನುಷ್ಯ ಬೇಸಾಯ ಕಲಿತು ಹತ್ತು ಹನ್ನೆರಡು ಸಾವಿರ ವರ್ಷವಾಗಿದೆ. ಹುತ್ತ ಕಟ್ಟುವ ನಮ್ಮ ಗೆದ್ದಲುಗಳ ವಂಶ ಬೇಸಾಯ ಶುರುಮಾಡಿ ಸುಮಾರು ಮೂರು ಕೋಟಿ ವರ್ಷ. ಬಯಲುಸೀಮೆಯಿಂದ ಮಲೆನಾಡಿನವರೆಗೆ ಕಾಣುವ ಒಡೊಂಟೊಟರ್ಮಿಸ್ ಗೆದ್ದಲು ಒಣ ಎಲೆ, ಕಡ್ಡಿ, ಸಗಣಿ ತಿಂದು ಹುತ್ತಕ್ಕೆ ಮರಳಿ, ಅರೆಬರೆ ಅರಗಿದ್ದನ್ನು ಹಿಕ್ಕೆಯಾಗಿ ಪೇರಿಸಿ ಸ್ಪಂಜಿನಂಥ ಗೂಡು ಕಟ್ಟುತ್ತದೆ. ಅದರ ಮೇಲೆ ಬೆಳೆಯುವ ಬೆಳೆ ಟರ್ಮಿಟೊಮೈಸಿಸ್ ಎಂಬ ಶಿಲೀಂಧ್ರ. ಸಾಸಿವೆಯಷ್ಟು ಗಾತ್ರದ ಬಿಳಿ ಗುಂಡುಗಳು ಮೂಡುತ್ತವೆ, ಎಳೆಯ ಕೆಲಸಗಾರ ಗೆದ್ದಲು ಅವನ್ನು ತಿನ್ನುತ್ತದೆ. ಶಿಲೀಂಧ್ರ ನಾರನ್ನು ಮೆದುಗೊಳಿಸಿದ ಹಳೆಯ ಗೂಡೂ ಊಟವಾಗುತ್ತದೆ. ಹುತ್ತದ ಒಳಗಿನ ತೇವ, ಬಿಸಿ, ಗಾಳಿ ಎಲ್ಲವೂ ಈ ಬೆಳೆಯ ಹದಕ್ಕೆ. ಬೇರೆ ಬೂಷ್ಟು ಬಂದರೆ ಕಳೆ ಕಿತ್ತಂತೆ ತೆಗೆದುಹಾಕುತ್ತವೆ. ಗೆದ್ದಲಿಲ್ಲದೆ ಈ ಶಿಲೀಂಧ್ರ ಕಾಡಿನಲ್ಲಿ ಬದುಕುವುದಿಲ್ಲ, ಶಿಲೀಂಧ್ರವಿಲ್ಲದೆ ಈ ಗೆದ್ದಲೂ ಉಳಿಯದು.

ಗುಡುಗು ಮಳೆಯ ಬೆನ್ನಿಗೆ ಹುತ್ತದ ಸುತ್ತ ಏಳುವ, ಮಲೆನಾಡಿನವರು ಹೆಗ್ಗಾಲಣಬೆ ಎಂದು ಹುಡುಕಿ ತರುವ ಅಣಬೆ ಆ ಹೊಲದ್ದೇ ಫಸಲು. ಉದ್ದನೆಯ ಬುಡ ನೆಲದಾಳದ ಗೂಡಿಗೇ ಇಳಿದಿರುತ್ತದೆ. ಅದನ್ನು ಮನೆಯಲ್ಲಿ ಬೆಳೆಯಲು ನಡೆದ ಯತ್ನಗಳು ಕೈಗೂಡಿಲ್ಲ. ಗೆದ್ದಲು ಮಾತ್ರ ಬಲ್ಲ ಬೇಸಾಯ ಅದು.

ಹುತ್ತವನ್ನು ನಾವು ಪೂಜಿಸುತ್ತೇವೆ, ಹಾಲೆರೆಯುತ್ತೇವೆ. ತೋಟ ಹಸನು ಮಾಡುವಾಗ ಅದೇ ಹುತ್ತಕ್ಕೆ ವಿಷ ಸುರಿದು, ಒಣದರಗನ್ನು ಗುಡಿಸಿ ಬೆಂಕಿಯಿಡುತ್ತೇವೆ. ಮಲೆನಾಡಿನ ಹಿರಿಯರು ಸೊಪ್ಪಿನ ಬೆಟ್ಟದಿಂದ ದರಗು ಹೊತ್ತು ತಂದು ಕೊಟ್ಟಿಗೆಗೆ ಹಾಸಿ, ಗೊಬ್ಬರವಾದ ಮೇಲೆ ಅಡಿಕೆಯ ಬುಡಕ್ಕೆ ಹಾಕುತ್ತಿದ್ದರು. ಸುಟ್ಟ ದರಗಿನ ಸಾರಜನಕದಲ್ಲಿ ಹೆಚ್ಚಿನ ಪಾಲು ಹೊಗೆಯಾಗಿ ಹೋಗುತ್ತದೆ, ಮಣ್ಣಿಗೆ ಉಳಿಯುವುದು ಬೂದಿ. ಈ ಬೇಸಿಗೆಯಲ್ಲಿ ನಿಮ್ಮ ಹಿತ್ತಲಿನ ದರಗಿಗೆ ಕಡ್ಡಿ ಗೀರಬೇಡಿ. ಮನೆಯ ಮರಮುಟ್ಟಿಗೆ ತೊಂದರೆಯಿಲ್ಲದ ದೂರದಲ್ಲಿ ಹುತ್ತವಿದ್ದರೆ ಅದನ್ನು ಅಗೆಯದೆ ಬಿಟ್ಟುಬಿಡಿ.